ಮಳೆ ಘಟ್ಟದ ಮೇಲೆ, ಬೆಳೆ ಬಯಲಿನಲ್ಲಿ: ಹಾಸನದ ಮಲೆನಾಡು–ಬಯಲುಸೀಮೆಯ ನಂಟು

ಚನ್ನರಾಯಪಟ್ಟಣ: ಜುಲೈ ತಿಂಗಳ ಪುನರ್ವಸು ಮಳೆಯ ದಿನಗಳು. ಸಕಲೇಶಪುರದಲ್ಲಿ ಹಗಲಿರುಳೆನ್ನದೆ ಮಳೆ ಸುರಿಯುತ್ತಿರುತ್ತದೆ. ಶಾಲೆಗಳಿಗೆ ರಜೆ ಘೋಷಣೆಯಾಗುತ್ತದೆ, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ವಾಹನಗಳು ಸಾಲುಗಟ್ಟುತ್ತವೆ. ಅದೇ ಜಿಲ್ಲೆಗೆ ಸೇರಿದ, ಅದೇ ಹೆದ್ದಾರಿಯ ಮೇಲೆ ಬಸ್ಸಿನಲ್ಲಿ ಎರಡು ಗಂಟೆಗಳಷ್ಟು ದೂರದಲ್ಲಿರುವ ಚನ್ನರಾಯಪಟ್ಟಣದಲ್ಲಿ ಅದೇ ದಿನ ತಂಗಾಳಿ ಬೀಸುತ್ತದೆ, ಮೋಡಗಳು ಓಡುತ್ತವೆ, ಹೆಚ್ಚೆಂದರೆ ನೆಲ ನೆನೆಯದಷ್ಟು ತುಂತುರು ಹನಿಯುತ್ತದೆ. ರಾಗಿ ಬಿತ್ತನೆಗೆ ಹೊಲ ಹಸನು ಮಾಡಿಕೊಂಡು ಕಾದಿರುವ ರೈತ ಆಕಾಶವನ್ನೊಮ್ಮೆ ನೋಡಿ, ಬೆಳಗಿನ ಪತ್ರಿಕೆ ಓದುತ್ತಿರುವವರನ್ನು ಕೇಳುತ್ತಾನೆ: "ಗೊರೂರಿಗೆ ಎಷ್ಟು ನೀರು ಬಂತು?"

ಈ ಒಂದು ಪ್ರಶ್ನೆಯಲ್ಲಿ ಹಾಸನ ಜಿಲ್ಲೆಯ ಭೂಗೋಳವೆಲ್ಲ ಅಡಗಿದೆ. ಬೇರೆ ಊರಿನವರಿಗೆ ಹಾಸನವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಇಲ್ಲಿಯೇ ಬಾಳುವವರಿಗೆ ಅದು ಪಶ್ಚಿಮಘಟ್ಟದ ನೆತ್ತಿಯಿಂದ ಒಣ ಬಯಲಿನವರೆಗೆ ಇಳಿಜಾರಾಗಿ ಚಾಚಿಕೊಂಡಿರುವ ಒಂದು ನೆಲ. ಮೇಲಿನ ತುದಿಯಲ್ಲಿ ಸುರಿದದ್ದನ್ನು ಕೆಳಗಿನ ತುದಿ ಉಣ್ಣುತ್ತದೆ. ಹಾಗೆ ಉಣ್ಣುವಾಗ ಮೇಲಿನ ತುದಿಗೆ ಏನಾಯಿತು ಎಂಬುದು ಮಾತ್ರ ಕೆಳಗಿನವರ ಗಮನಕ್ಕೆ ಬರುವುದು ಅಪರೂಪ.

ಒಂದು ಜಿಲ್ಲೆ, ಮೂರು ನಾಡು

6,814 ಚದರ ಕಿಲೋಮೀಟರ್ ವಿಸ್ತೀರ್ಣದ ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಜನರ ಆಡುಮಾತಿನಲ್ಲಿ ಈ ಎಂಟು ತಾಲ್ಲೂಕುಗಳು ಮೂರು ನಾಡುಗಳಾಗಿ ಹಂಚಿಹೋಗಿವೆ. ಸಕಲೇಶಪುರ ಹಾಗೂ ಅದಕ್ಕೆ ಹೊಂದಿಕೊಂಡ ಆಲೂರು, ಬೇಲೂರು, ಅರಕಲಗೂಡು ತಾಲ್ಲೂಕುಗಳ ಪಶ್ಚಿಮ ಭಾಗಗಳು ಮಲೆನಾಡು. ಹಾಸನ ಮತ್ತು ಅರಕಲಗೂಡಿನ ಬಹುಭಾಗ ಅರೆಮಲೆನಾಡು. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಸೀಕೆರೆಗಳು ಬಯಲುಸೀಮೆ. ಈ ನಾಡುಗಳ ನಡುವೆ ಯಾರೂ ನೆಟ್ಟ ಗಡಿಕಲ್ಲುಗಳಿಲ್ಲ. ಮಳೆಯೇ ಗಡಿ.

ಸಕಲೇಶಪುರ ತಾಲ್ಲೂಕಿನಲ್ಲಿ ವರ್ಷಕ್ಕೆ ಸರಾಸರಿ 2,000 ಮಿಲಿಮೀಟರ್‌ಗೂ ಮಿಗಿಲಾದ ಮಳೆ ಬೀಳುತ್ತದೆ. ಘಟ್ಟದ ಅಂಚಿನ ಊರುಗಳಲ್ಲಿ ಇದು ಇನ್ನೂ ಬಹಳ ಹೆಚ್ಚು. ಚನ್ನರಾಯಪಟ್ಟಣದ ಸರಾಸರಿ 700 ಮಿಲಿಮೀಟರ್‌ನ ಆಸುಪಾಸು. ಹಾಸನ, ಅರಕಲಗೂಡುಗಳು ಇವೆರಡರ ನಡುವೆ ನಿಲ್ಲುತ್ತವೆ. ಚನ್ನರಾಯಪಟ್ಟಣದಿಂದ ಸಕಲೇಶಪುರಕ್ಕೆ ಎಂಬತ್ತು ಕಿಲೋಮೀಟರ್‌ಗಿಂತ ಕೊಂಚ ಕಡಿಮೆ ದೂರ. ಅಷ್ಟರೊಳಗೆ ಮಳೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಮೋಡ ಬರಿದಾಗುವ ಬಗೆ

ಇದರ ಕಾರಣ ಸರಳವಾದುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದಿಂದ ಬೀಸಿಬರುವ ತೇವಭರಿತ ಗಾಳಿಗೆ ಪಶ್ಚಿಮಘಟ್ಟ ಒಂದು ಗೋಡೆಯಂತೆ ಎದುರಾಗುತ್ತದೆ. ಗಾಳಿ ಮೇಲೇರಲೇಬೇಕು. ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತನ್ನಲ್ಲಿದ್ದ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಮಳೆಯಾಗಿ ಸುರಿಸುತ್ತದೆ. ಕರಾವಳಿಯ ಕಡೆಯ ಇಳಿಜಾರು ಮತ್ತು ಘಟ್ಟದ ನೆತ್ತಿಗೆ ಇದರ ಸಿಂಹಪಾಲು. ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಮತ್ತೆ ಬೆಚ್ಚಗಾಗುತ್ತದೆ, ಒಣಗುತ್ತದೆ. ಹಾಸನ ದಾಟುವ ಹೊತ್ತಿಗೆ ಮೋಡಗಳು ಇನ್ನೂ ಕಾಣಿಸುತ್ತವೆಯಾದರೂ ಅವುಗಳಲ್ಲಿ ಹೆಚ್ಚು ನೀರು ಉಳಿದಿರುವುದಿಲ್ಲ. ಭೂಗೋಳ ಪುಸ್ತಕಗಳು ಇದನ್ನು ಮಳೆಯ ನೆರಳಿನ ಪ್ರದೇಶ ಎನ್ನುತ್ತವೆ.

ಹಾಗಾದರೆ ಬಯಲಿನಲ್ಲಿ ಬೆಟ್ಟಗಳಿಲ್ಲವೇ? ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ನೆಲೆಯಾದ ವಿಂಧ್ಯಗಿರಿ ಸಮುದ್ರಮಟ್ಟದಿಂದ 3,347 ಅಡಿ ಎತ್ತರದಲ್ಲಿದೆ. ಆದರೆ ಸುತ್ತಲಿನ ನೆಲವೇ ಎತ್ತರದಲ್ಲಿರುವುದರಿಂದ ಬುಡದಿಂದ ಅದರ ಎತ್ತರ ಸುಮಾರು 470 ಅಡಿ ಮಾತ್ರ. ಒಂಟಿಯಾಗಿ ನಿಂತ ಇಂಥ ಬೋಳು ಬಂಡೆಗಳು ಗಾಳಿಯನ್ನು ತಡೆಯಲಾರವು, ಮೇಲೆತ್ತಲಾರವು. ಮೋಡ ತಡೆಯಲು ನೂರಾರು ಕಿಲೋಮೀಟರ್ ಉದ್ದದ ಸಾಲು ಬೇಕು. ಬಯಲಿನ ಬೆಟ್ಟ ತನ್ನ ಮೇಲೆ ಬಿದ್ದ ಹನಿಯನ್ನು ಬುಡದ ಕೊಳಕ್ಕೆ ಇಳಿಸಿಕೊಡುವಷ್ಟಕ್ಕೆ ತೃಪ್ತಿಪಡಬೇಕು. ಬೆಳಗೊಳ ಎಂಬ ಹೆಸರು ಬಂದುದೇ ಅಂಥ ಒಂದು ಬಿಳಿಯ ಕೊಳದಿಂದ.

ಬಯಲಿಗೆ ಮಳೆ ಬರುವ ಕಾಲವೂ ಬೇರೆ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಬರುವ ಭರಣಿ, ಕೃತ್ತಿಕೆ ಮಳೆಗಳು, ಅನಂತರ ಸೆಪ್ಟೆಂಬರ್–ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಇಲ್ಲಿನ ಆಧಾರ. ಸಕಲೇಶಪುರ ತೊಯ್ದು ತೊಪ್ಪೆಯಾಗುವ ಜುಲೈನಲ್ಲಿ ಚನ್ನರಾಯಪಟ್ಟಣಕ್ಕೆ ಬರುವುದು ಬರಿಯ ಗಾಳಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಬಯಲಿನ ರೈತನ ಬಾಯಲ್ಲಿ ನಿಂತಿರುವುದು ಇದೇ ಕಾರಣಕ್ಕೆ. ಆ ಮಳೆಗೆ ಎಳ್ಳು, ಅಲಸಂದೆ, ಹೆಸರು ಬಿತ್ತಿ, ಅದನ್ನು ಕಿತ್ತ ಮೇಲೆ ಅದೇ ಹೊಲಕ್ಕೆ ರಾಗಿ ಹಾಕುವುದು ಇಲ್ಲಿಯ ಹಳೆಯ ಲೆಕ್ಕಾಚಾರ.

ಮಳೆ ರೂಪಿಸಿದ ಮನೆ ಮತ್ತು ಊಟ

ಈ ಅಂತರ ದಿನನಿತ್ಯದ ಬದುಕಿನಲ್ಲಿ ಹೇಗೆ ಇಳಿದುಬಂದಿದೆ ಎಂಬುದನ್ನು ನೋಡಲು ಹೆದ್ದಾರಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಮ್ಮೆ ಪ್ರಯಾಣ ಮಾಡಿದರೆ ಸಾಕು.

ಸಕಲೇಶಪುರದ ಕಡೆ ಮನೆಗಳು ಒಂದಕ್ಕೊಂದು ದೂರ. ತೋಟದ ನಡುವೆಯೋ ಗದ್ದೆಯ ಮೇಲಂಚಿನಲ್ಲಿಯೋ ಒಂದೊಂದು ಮನೆ. ಎಲ್ಲಿ ಅಗೆದರೂ ನೀರು ಸಿಗುವ ಕಡೆ ಒಂದೇ ಬಾವಿ, ಒಂದೇ ಕೆರೆಯ ಸುತ್ತ ಗುಂಪುಗೂಡಬೇಕಾದ ಅಗತ್ಯ ಹಿಂದಿನವರಿಗಿರಲಿಲ್ಲ. ಕಡಿದಾದ ಇಳಿಜಾರಿನ ಹೆಂಚಿನ ಮಾಡು, ಮುಂದೆ ಚಾಚಿದ ಜಗಲಿ, ಒಲೆಯ ಮೇಲೆ ವಸ್ತುಗಳನ್ನು ಒಣಗಿಸಲು ಅಟ್ಟ ಇವು ಮನೆಯ ಲಕ್ಷಣ. ಮೇ ತಿಂಗಳು ಮುಗಿಯುವುದರೊಳಗೆ ಸೌದೆಯನ್ನು ಕೊಟ್ಟಿಗೆಗೆ ತುಂಬಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಭರಣಿ–ಡಬ್ಬಿಗಳಿಗೆ ಸೇರಿಸದಿದ್ದರೆ ಮುಂದಿನ ಮೂರು ತಿಂಗಳು ಕಷ್ಟ. ಅಕ್ಕಿ ರೊಟ್ಟಿ, ಕಡುಬು ದಿನದ ಊಟ. ಮಳೆಗಾಲದಲ್ಲಿ ಕಳಲೆ, ಅಣಬೆ, ಗದ್ದೆಯ ಏಡಿ ಅದಕ್ಕೆ ಜೊತೆ. ಹಿಂದೆ ಗದ್ದೆಯ ನಾಟಿಗೆ ಗೊರಬು, ಕಂಬಳಿ ಕೊಪ್ಪೆ ಹೊದ್ದು ಇಳಿಯುತ್ತಿದ್ದರು. ಆ ಜಾಗವನ್ನು ಪ್ಲಾಸ್ಟಿಕ್ ಹಾಳೆ ಹಿಡಿದು ದಶಕಗಳೇ ಸಂದಿವೆ.

ಕಾಫಿ ಬೆಳೆಗಾರನ ಪಂಚಾಂಗವಂತೂ ಇನ್ನೂ ಸೂಕ್ಷ್ಮ. ಮಾರ್ಚ್–ಏಪ್ರಿಲ್‌ನಲ್ಲಿ ಹೂ ಅರಳಿಸುವ ಹೂಮಳೆ ಬರಬೇಕು, ಕೆಲವು ವಾರಗಳ ಬಳಿಕ ಕಾಯಿ ಕಚ್ಚಲು ಇನ್ನೊಂದು ಹದವಾದ ಮಳೆ ಬೇಕು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹಣ್ಣು ಕೊಯ್ದು ಕಣದಲ್ಲಿ ಹರಡುವಾಗ ಹನಿಯೂ ಬೀಳಬಾರದು. ಆ ಕೊಯ್ಲಿನ ದಿನಗಳಲ್ಲಿ ಬಯಲಿನ ಕೂಲಿಕಾರರು ಕುಟುಂಬ ಸಮೇತ ತೋಟಗಳ ಲೈನ್ ಮನೆಗಳಿಗೆ ಬಂದು ಸೇರುವುದು ಹಳೆಯ ರೂಢಿ. ಬಯಲಿನಲ್ಲಿ ರಾಗಿಯ ಕೊಯ್ಲು ಮುಗಿಯುವುದಕ್ಕೂ ಘಟ್ಟದಲ್ಲಿ ಕಾಫಿ ಹಣ್ಣಾಗುವುದಕ್ಕೂ ಸರಿಹೊಂದುತ್ತಿತ್ತು. ಈಗ ಆ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಕಾರ್ಮಿಕರೂ ಇದ್ದಾರೆ.

ಹಾಸನದ ಅರೆಮಲೆನಾಡಿಗೆ ಬಂದರೆ ಆಲೂಗಡ್ಡೆಯ ನೆಲ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಕತ್ತರಿಸಿ ಮುಂಗಾರಿನ ಮೊದಲ ಮಳೆಗೆ ನೆಡುತ್ತಾರೆ. ಮಳೆ ತಡವಾದರೆ ಗಡ್ಡೆ ನೆಲದಲ್ಲಿಯೇ ಕೊಳೆಯುತ್ತದೆ, ಹೆಚ್ಚಾದರೆ ಅಂಗಮಾರಿ ರೋಗ ತಗಲುತ್ತದೆ. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಮಳೆಯನ್ನೇ ನೆಚ್ಚಿದ ಈ ಬೆಳೆ ಪದೇ ಪದೇ ಕೈಕೊಟ್ಟಿದ್ದರಿಂದ ಅದರ ವಿಸ್ತೀರ್ಣ ಹಿಂದಿಗಿಂತ ಬಹಳ ಕುಗ್ಗಿದೆ. ಆ ಹೊಲಗಳಲ್ಲಿ ಈಗ ಮುಸುಕಿನ ಜೋಳ, ಶುಂಠಿ ಕಾಣುತ್ತವೆ. ಅರಕಲಗೂಡಿನದು ಮತ್ತೊಂದು ಬಗೆ. ಪಶ್ಚಿಮದ ಅಂಚಿನಲ್ಲಿ ಕಾಫಿ, ಕಾವೇರಿ ಹರಿಯುವ ರಾಮನಾಥಪುರ, ಕೊಣನೂರುಗಳ ಕಡೆ ನಾಲೆಯ ಭತ್ತ, ಮೇಲಿನ ಕೆಂಪು ನೆಲದಲ್ಲಿ ಹೊಗೆಸೊಪ್ಪು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವುದು ರಾಮನಾಥಪುರದಲ್ಲಿಯೇ.

ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ನೋಟವೇ ಬದಲಾಗಿರುತ್ತದೆ. ಮನೆಗಳು ಒತ್ತೊತ್ತಾಗಿ ಕೆರೆಯ ಹಿಂದೆ ಗುಂಪುಗೂಡಿವೆ. ನೀರಿದ್ದಲ್ಲಿ ಊರು ಎಂಬುದು ಬಯಲಿನ ನಿಯಮ. ತೆಂಗಿನ ತೋಟ, ಹೊಂಗೆ ಮರ, ರಾಗಿ ಹೊಲ, ಊರ ಮುಂದಿನ ಕಣ. ಮುದ್ದೆ, ಹುರುಳಿ ಸಾರು, ಬಸ್ಸಾರು, ಚಳಿಗಾಲದಲ್ಲಿ ಸೊಗಡು ಅವರೆ ಇಲ್ಲಿಯ ಊಟ. ರಾಗಿಯನ್ನೇ ಈ ಸೀಮೆ ನೆಚ್ಚಿಕೊಂಡದ್ದು ಅದು ಕಡಿಮೆ ನೀರಿನಲ್ಲಿ ಬೆಳೆಯುತ್ತದೆ ಎಂಬ ಕಾರಣಕ್ಕಷ್ಟೇ ಅಲ್ಲ, ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ ಎಂಬ ಕಾರಣಕ್ಕೂ ಹೌದು. ಹಿಂದೆ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಕಾದಿರಿಸುತ್ತಿದ್ದರು. ಮಲೆನಾಡಿನ ಅಟ್ಟ ಮಳೆಗೆ ಹೆದರಿ ಕಟ್ಟಿದ್ದಾದರೆ ಬಯಲಿನ ಹಗೇವು ಮಳೆ ಬಾರದಿರುವುದಕ್ಕೆ ಹೆದರಿ ತೋಡಿದ್ದು.

ಇಂದು ಈ ಭಾಗದ ಮನೆಗಳಿಗೆ ನಿತ್ಯದ ಆಸರೆ ಹಸು. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಹೊರಡುವವರ ಸಾಲು ಇಲ್ಲಿಯ ಯಾವ ಊರಿನಲ್ಲಾದರೂ ಕಾಣಸಿಗುತ್ತದೆ. ಬೆಳೆ ಹೋದ ವರ್ಷವೂ ವಾರದ ಸಂತೆಗೆ ಕಾಸು ಕೈಗೆ ಬರುವುದು ಆ ಹಾಲಿನಿಂದ. ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ದನಗಳ ಜಾತ್ರೆ ಇಂದಿಗೂ ಉಳುವ ಎತ್ತುಗಳ ನೆನಪನ್ನು ಉಳಿಸಿದೆ.

ಎರಡು ಸೀಮೆಗಳಲ್ಲಿ ಒಂದೇ ಮಾತಿಗೆ ಎರಡು ಅರ್ಥಗಳೂ ಉಂಟು. ಬಯಲಿನವರಿಗೆ ಸುಗ್ಗಿಯೆಂದರೆ ಸಂಕ್ರಾಂತಿಯ ಹೊತ್ತಿನ ಒಕ್ಕಣೆ. ಸಕಲೇಶಪುರದವರಿಗೆ ಅದು ಏಪ್ರಿಲ್ ಸುಮಾರಿಗೆ ಊರೂರುಗಳಲ್ಲಿ ಗ್ರಾಮದೇವತೆಗೆ ನಡೆಯುವ ಹಬ್ಬ.

ಹೇಮಾವತಿ ಎಂಬ ಕೊಂಡಿ

ಇಷ್ಟೊಂದು ಭಿನ್ನವಾದ ಈ ತುದಿಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವುದು ಹೇಮಾವತಿ ನದಿ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರದ ಮೂಲಕ ಹರಿದು, ಬೇಲೂರಿನ ಕಡೆಯಿಂದ ಬರುವ ಯಗಚಿಯನ್ನು ಕೂಡಿಕೊಂಡು, ಗೊರೂರು, ಹೊಳೆನರಸೀಪುರಗಳನ್ನು ಹಾದು ಸುಮಾರು 245 ಕಿಲೋಮೀಟರ್ ದೂರ ಕ್ರಮಿಸಿ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಹೊಳೆನರಸೀಪುರದ ಹೆಸರಿನಲ್ಲಿರುವ ಹೊಳೆ ಇದೇ. ಆ ತಾಲ್ಲೂಕಿನ ಶ್ರೀರಾಮದೇವರ ಅಣೆಕಟ್ಟೆಯಂಥ ಹಳೆಯ ಕಟ್ಟೆಗಳಿಂದ ದಡದ ಗದ್ದೆಗಳಿಗೆ ನೀರು ಹಾಯುತ್ತಿತ್ತು. ಆದರೆ ದಡದಿಂದ ದೂರದ, ಎತ್ತರದ ನೆಲಕ್ಕೆ ನದಿ ಇದ್ದೂ ಇಲ್ಲದಂತೆ. ಚನ್ನರಾಯಪಟ್ಟಣ ಅಂಥ ನೆಲ.

ಈ ಭೇದವನ್ನು ಕನ್ನಡದ ಓದುಗರು ಇಬ್ಬರು ದೊಡ್ಡ ಲೇಖಕರ ಮೂಲಕ ಅರಿತಿದ್ದಾರೆ. 1904ರಲ್ಲಿ ಜನಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹಳ್ಳಿ ಹೊಳೆಯ ದಡದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ಹಳ್ಳಿ ಕೆರೆಯನ್ನು ನಂಬಿದ್ದು. 1970ರಲ್ಲಿ ಪ್ರಕಟವಾದ ಅವರ 'ಗೃಹಭಂಗ' ಕಾದಂಬರಿಯ ಬಡತನ, ಬರ, ಪ್ಲೇಗುಗಳ ಹಿನ್ನೆಲೆಯಲ್ಲಿರುವುದು ಇದೇ ಚನ್ನರಾಯಪಟ್ಟಣ–ತಿಪಟೂರು ಸೀಮೆಯ ಒಣನೆಲ.

ಗೊರೂರಿನ ಬಳಿ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡಿತು. ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ ಸಾಮರ್ಥ್ಯ 37.10 ಟಿಎಂಸಿ ಅಡಿ. ಎಡದಂಡೆ ನಾಲೆ, ಬಲದಂಡೆ ನಾಲೆ, ಬಲದಂಡೆ ಮೇಲ್ಮಟ್ಟದ ನಾಲೆ ಎಂದು ಇಲ್ಲಿಂದ ಮೂರು ಕವಲುಗಳು ಹೊರಡುತ್ತವೆ. ಬಲದಂಡೆಯ ನೀರು ಅರಕಲಗೂಡು, ಹೊಳೆನರಸೀಪುರಗಳ ಕಡೆಗೆ. ಎಡದಂಡೆಯದು ಚನ್ನರಾಯಪಟ್ಟಣದ ಕಡೆಗೆ ಸಾಗಿ, ಮುಂದೆ ಮಂಡ್ಯ ಜಿಲ್ಲೆಯ ನಾಗಮಂಗಲಕ್ಕೂ ತುಮಕೂರು ಜಿಲ್ಲೆಗೂ ಶಾಖೆಗಳಾಗಿ ಒಡೆಯುತ್ತದೆ. ಸಕಲೇಶಪುರದಲ್ಲಿ ಪುನರ್ವಸು, ಪುಷ್ಯ ಮಳೆಗಳು ಸುರಿದ ಲೆಕ್ಕ ಕೆಲವು ವಾರಗಳ ಬಳಿಕ ಚನ್ನರಾಯಪಟ್ಟಣದ ಕೆರೆಗಳಲ್ಲಿ, ತುಮಕೂರಿನ ನಲ್ಲಿಗಳಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ನಾಲೆ ಬಂದ ಕಡೆಯೂ ಎಲ್ಲರಿಗೂ ನೀರು ಬಂದಿತೆಂದಲ್ಲ. ನಾಲೆಗಿಂತ ಎತ್ತರದಲ್ಲಿರುವ ಹಳ್ಳಿಗಳಿಗೆ ಏತ ನೀರಾವರಿಯೊಂದೇ ದಾರಿ. ಸಂತೇಶಿವರ ಮತ್ತು ಸುತ್ತಲಿನ ಕೆರೆಗಳನ್ನು ತುಂಬಿಸಬೇಕೆಂದು ಭೈರಪ್ಪನವರು ಸರ್ಕಾರವನ್ನು ಕೇಳಿಕೊಂಡಿದ್ದರು. ಆ ಯೋಜನೆ ಕೈಗೂಡಿ ಊರ ಕೆರೆಗೆ ನೀರು ಹರಿದ ಸಂಭ್ರಮಕ್ಕೆ 2025ರಲ್ಲಿ ಅವರೇ ಹುಟ್ಟೂರಿಗೆ ಬಂದಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ನಿಧನರಾದರು. ನಾಡಿನ ಪ್ರಖ್ಯಾತ ಲೇಖಕರೊಬ್ಬರು ಇಳಿವಯಸ್ಸಿನಲ್ಲಿ ಊರಿಗಾಗಿ ಕೇಳಿಕೊಂಡದ್ದು ಒಂದು ಕೆರೆ ನೀರು ಎಂಬುದೇ ಈ ಸೀಮೆಯಲ್ಲಿ ನೀರಿಗಿರುವ ಬೆಲೆಯನ್ನು ಹೇಳುತ್ತದೆ.

ಬೆಲೆ ತೆತ್ತವರು ಯಾರು?

ಜಲಾಶಯದ ಲೆಕ್ಕಕ್ಕೆ ಇನ್ನೊಂದು ಪುಟವಿದೆ. ಹಿನ್ನೀರಿನಲ್ಲಿ ಹಳ್ಳಿಗಳು, ಗದ್ದೆಗಳು, ತೋಟಗಳು ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ರೋಸರಿ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತವೆ. ಪ್ರವಾಸಿಗರಿಗೆ ಅದು ಛಾಯಾಚಿತ್ರಕ್ಕೊಂದು ತಾಣ. ಅದರ ಸುತ್ತ ಒಂದು ಕಾಲಕ್ಕೆ ಜನ ಬಾಳಿ ಬದುಕಿದ ಊರಿತ್ತು ಎಂಬುದು ಛಾಯಾಚಿತ್ರದಲ್ಲಿ ಕಾಣುವುದಿಲ್ಲ.

ಮುಳುಗಡೆಯಾದವರಿಗೆ ಸಕಲೇಶಪುರ, ಆಲೂರು ಮುಂತಾದ ತಾಲ್ಲೂಕುಗಳಲ್ಲಿ ಭೂಮಿ ಮಂಜೂರು ಮಾಡಲಾಯಿತು. ಕಾಡು, ಕಾಡಂಚಿನ ನೆಲ ಸಾಗುವಳಿಗೆ ತೆರೆದುಕೊಂಡಿತು. ಈ ಮಂಜೂರಾತಿಯ ಅಕ್ರಮಗಳ ಕುರಿತ ದೂರುಗಳು ಜಿಲ್ಲೆಯ ರಾಜಕೀಯದಲ್ಲಿ ವರ್ಷಗಳ ಕಾಲ ಸುದ್ದಿ ಮಾಡಿದವು. ಆದರೆ ಅದಕ್ಕಿಂತ ಮಿಗಿಲಾದ ಪರಿಣಾಮ ಬೇರೆಯದೇ ಇತ್ತು. ಒಂದು ಕಡೆ ಕೊಡಗಿನ ಕಾಡು, ಇನ್ನೊಂದು ಕಡೆ ಘಟ್ಟದ ಕಾಡು, ನಡುವೆ ತುಂಡು ತುಂಡಾಗಿ ಉಳಿದ ಅರಣ್ಯ ಮತ್ತು ಹಿನ್ನೀರು. ಇವುಗಳ ನಡುವೆ ಓಡಾಡುವ ಆನೆಗಳಿಗೆ ಕಾಫಿ ತೋಟಗಳೇ ಹಗಲಿನ ತಂಗುದಾಣವಾದವು, ಗದ್ದೆಗಳೇ ರಾತ್ರಿಯ ಮೇವಾದವು.

ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ, ಆಲೂರು–ಸಕಲೇಶಪುರ ಭಾಗದಲ್ಲಿ ಆನೆಗಳಿಗೆ ಸಾಕಾಗುವಷ್ಟು ನೆಲೆ ಉಳಿದಿಲ್ಲವೆಂದು ಅಲ್ಲಿಂದ ಅವುಗಳನ್ನು ಹಿಡಿದು ಸಾಗಿಸುವಂತೆ ಸೂಚಿಸಿತು. 2014ರ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿಯಲಾಯಿತು. ಆದರೂ ಆನೆಗಳ ಬರವು ನಿಲ್ಲಲಿಲ್ಲ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ, 2023ರ ಡಿಸೆಂಬರ್ 4ರಂದು ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಮೃತಪಟ್ಟದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಅರ್ಜುನನಿಗಾಗಿ ರಾಜ್ಯವೇ ಮರುಗಿತು. ಆ ಭಾಗದ ಕೂಲಿಯಾಳುಗಳು ಬೆಳಿಗ್ಗೆ ತೋಟಕ್ಕೆ ಹೊರಡುವ ಮುನ್ನ ಆನೆ ಎಲ್ಲಿದೆ ಎಂಬ ಮೊಬೈಲ್ ಸಂದೇಶ ನೋಡಿಕೊಳ್ಳುವುದು, ಮಕ್ಕಳನ್ನು ಗುಂಪಾಗಿ ಶಾಲೆಗೆ ಕಳಿಸುವುದು ನಿತ್ಯದ ಬದುಕು. ಅದು ರಾಜ್ಯಕ್ಕೆ ಸುದ್ದಿಯಾಗುವುದು ಯಾರಾದರೂ ಸತ್ತಾಗ ಮಾತ್ರ.

ಬೆಲೆ ತೆತ್ತವರು ಬಯಲಿನಲ್ಲಿಯೂ ಇದ್ದಾರೆ. ತುಮಕೂರಿನ ಕಡೆಗೆ ಹೋಗುವ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆಯ ನಡುವೆ ಸುರಂಗದಲ್ಲಿ ಹರಿಯುತ್ತದೆ. ತಮ್ಮ ನೆಲದ ಅಡಿಯಲ್ಲಿ ನೀರು ಸಾಗುತ್ತಿದ್ದರೂ ತಮ್ಮ ಬಾವಿ, ಕೆರೆಗಳು ಬತ್ತಿವೆ ಎಂಬುದು ಅಲ್ಲಿಯ ರೈತರ ಅಳಲು. ಪರಿಹಾರಕ್ಕಾಗಿ ಸುರಂಗ ಸಂತ್ರಸ್ತರು ನಡೆಸಿದ ಹೋರಾಟಕ್ಕೆ ದೀರ್ಘ ಇತಿಹಾಸವಿದೆ. ಯೋಜನೆಯ ನಕ್ಷೆಯಲ್ಲಿ ಸುರಂಗ ಒಂದು ಚುಕ್ಕೆಗೆರೆ. ಅದರ ಮೇಲಿನ ಹೊಲದಲ್ಲಿ ನಿಂತವರಿಗೆ ಅದು ಕೈಗೆ ಎಟುಕದ ಹೊಳೆ.

ಘಟ್ಟದ ದಾರಿ ಮುಚ್ಚಿದಾಗ

ನೀರಿನಂತೆಯೇ ದಾರಿಯೂ ಈ ಎರಡು ಸೀಮೆಗಳನ್ನು ಕಟ್ಟಿದೆ. ಬೆಂಗಳೂರು–ಮಂಗಳೂರು ನಡುವಣ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳನ್ನು ಪೋಣಿಸಿಕೊಂಡು ಶಿರಾಡಿ ಘಾಟಿ ಇಳಿಯುತ್ತದೆ. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ನೇರ ರೈಲು ಮಾರ್ಗ 2017ರ ಮಾರ್ಚ್‌ನಲ್ಲಿ ಪೂರ್ಣವಾಗಿ ತೆರೆದುಕೊಂಡಿತು. ಮುಂದೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಹಾದಿಯಲ್ಲಿ 57 ಸುರಂಗಗಳಿವೆ.

2018ರ ಆಗಸ್ಟ್‌ನಲ್ಲಿ ಕೊಡಗನ್ನು ನಡುಗಿಸಿದ ಮಳೆಯೇ ಈ ಘಟ್ಟದಲ್ಲಿಯೂ ಗುಡ್ಡಗಳನ್ನು ಕುಸಿಯುವಂತೆ ಮಾಡಿ ರಸ್ತೆ, ರೈಲು ಎರಡನ್ನೂ ನಿಲ್ಲಿಸಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಯಡಕುಮರಿ ನಡುವೆ ಹಳಿಯ ಬುಡದ ಮಣ್ಣೇ ಜಾರಿದಾಗ ರೈಲು ಸಂಚಾರ ದಿನಗಟ್ಟಲೆ ಸ್ಥಗಿತಗೊಂಡಿತು. ಅಗಲಗೊಳಿಸುವ ಸಲುವಾಗಿ ನೆಟ್ಟಗೆ ಕಡಿದ ಗುಡ್ಡದ ಬದಿ ಎಡೆಬಿಡದ ಮಳೆಯಲ್ಲಿ ನಿಲ್ಲಲಾರದು ಎಂಬುದನ್ನು ಘಟ್ಟದವರು ಪ್ರತಿ ಮಳೆಗಾಲವೂ ನೋಡುತ್ತಿದ್ದಾರೆ. ದಾರಿ ಮುಚ್ಚಿದ ದಿನ ಬಯಲಿನ ಎಳನೀರು, ತರಕಾರಿಗಳ ಲಾರಿಗಳು ಮಂಗಳೂರಿಗೆ ಸುತ್ತು ಹಾದಿ ಹಿಡಿಯುತ್ತವೆ. ಬೆಟ್ಟ ಕುಸಿದರೆ ಅದರ ನಷ್ಟ ಬೆಟ್ಟದಲ್ಲಿಯೇ ನಿಲ್ಲುವುದಿಲ್ಲ.

ಪಶ್ಚಿಮಕ್ಕೆ ಹರಿಯುವುದನ್ನು ಪೂರ್ವಕ್ಕೆ

ಸಕಲೇಶಪುರ ತಾಲ್ಲೂಕಿನ ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಬಳಿ ನೀರು ಇಬ್ಭಾಗವಾಗುವ ಏಣು ಇದೆ. ಅದರ ಒಂದು ಬದಿಗೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಒಂದು ಮೋಡದ ಎರಡು ಹನಿಗಳು ಎರಡು ಕಡಲುಗಳನ್ನು ಸೇರುವ ತಾಣ ಅದು.

ಈ ಏಣಿನ ಪಶ್ಚಿಮಕ್ಕೆ ಬಿದ್ದ ನೀರನ್ನೂ ಪೂರ್ವಕ್ಕೆ ಎತ್ತಿ ಹಾಯಿಸುವುದೇ ಎತ್ತಿನಹೊಳೆ ಯೋಜನೆ. ನೇತ್ರಾವತಿಗೆ ಸೇರುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ 24.01 ಟಿಎಂಸಿ ಅಡಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬರದ ಜಿಲ್ಲೆಗಳಿಗೆ ಒಯ್ಯುವುದು ಉದ್ದೇಶ. 2012ರಲ್ಲಿ 8,323 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ಯೋಜನೆಯ ಅಂದಾಜು ವೆಚ್ಚ ಬಳಿಕ 23,251 ಕೋಟಿಗೆ ಏರಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಆ ಹಳ್ಳಗಳಲ್ಲಿ ಅಷ್ಟು ನೀರು ಇದೆಯೇ ಎಂಬುದು ಆರಂಭದಿಂದಲೂ ವಿವಾದದ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಅಧ್ಯಯನ ಲಭ್ಯವಿರುವುದು ಸುಮಾರು 9.5 ಟಿಎಂಸಿ ಅಡಿ ಮಾತ್ರವೆಂದು ಅಂದಾಜಿಸಿತ್ತು.

ಬಯಲಿನಲ್ಲಿ ನಿಂತು ನೋಡಿದರೆ ಈ ಯೋಜನೆಯನ್ನು ಬೇಡವೆನ್ನುವುದು ಸುಲಭವಲ್ಲ. ಫಲ ಬಿಡುತ್ತಿದ್ದ ತೆಂಗಿನ ಮರಗಳು 2010ರ ದಶಕದ ಸತತ ಬರಗಳಲ್ಲಿ ಸುಳಿ ಒಣಗಿ ನಿಂತದ್ದನ್ನು ಚನ್ನರಾಯಪಟ್ಟಣ, ಅರಸೀಕೆರೆಗಳ ರೈತರು ಕಣ್ಣಾರೆ ಕಂಡಿದ್ದಾರೆ. ನುಸಿ ಪೀಡೆ, ಕಪ್ಪುತಲೆ ಹುಳು, ಕಾಂಡದಿಂದ ರಸ ಸೋರುವ ರೋಗಗಳಿಂದ ಮೊದಲೇ ಸೊರಗಿದ್ದ ತೋಟಗಳಿಗೆ ನೀರಿನ ಕೊರತೆ ಕೊನೆಯ ಪೆಟ್ಟಾಯಿತು. ರಾಗಿ ಒಂದು ವರ್ಷ ಕೈಕೊಟ್ಟರೆ ಮರುವರ್ಷ ಬಿತ್ತಬಹುದು. ತೆಂಗು ಹೋದರೆ ಹತ್ತಾರು ವರ್ಷದ ದುಡಿಮೆ ಹೋದಂತೆ. ನೂರಾರು ಅಡಿ ಆಳದ ಕೊಳವೆಬಾವಿಗಳಿಗೆ ಸಾಲ ಮಾಡಿ ಸೋತವರಿಗೆ ಹಳ್ಳ ಯಾವ ಕಡಲಿಗೆ ಹರಿಯಬೇಕು ಎಂಬ ಚರ್ಚೆ ದೂರದ್ದಾಗಿ ತೋರಿದರೆ ಅಚ್ಚರಿಯಿಲ್ಲ.

ಆದರೂ ಬಯಲು ಮರೆಯಬಾರದ ಸಂಗತಿಯೊಂದಿದೆ. ಹೇಮಾವತಿಗೆ ನೀರು ಬರುವುದು ಮಳೆಯಿಂದ ಮಾತ್ರವಲ್ಲ. ಮಳೆ ನಿಂತ ಮೇಲೂ ಹಳ್ಳಗಳು ಹರಿಯುತ್ತಿರುವುದು ಘಟ್ಟದ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡುಗಳು ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ. ಆ ಹೊದಿಕೆ ಹರಿದಷ್ಟೂ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರಿದಾದ ಹಳ್ಳ ಎರಡೂ ಹೆಚ್ಚುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮರುವರ್ಷವೇ ಘಟ್ಟದಲ್ಲಿ ಗುಡ್ಡಗಳು ಜಾರುವಷ್ಟು ಮಳೆ. ಇಂಥ ಏರಿಳಿತಗಳ ಕಾಲದಲ್ಲಿ ಹೊಸ ನಾಲೆಗಿಂತ ಹಳೆಯ ಕಾಡು ಹೆಚ್ಚು ನೆಚ್ಚಿಕೆಯ ಜಲಾಶಯ. ಬಯಲಿನ ಪಾಲಿನ ಕೆಲಸವೂ ಇದೆ. ನಾಲೆಯ ನೀರು ಬರುವ ಮುನ್ನ ಈ ಸೀಮೆಯನ್ನು ಶತಮಾನಗಳ ಕಾಲ ಸಾಕಿದ್ದು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸಾಲು. ಅವುಗಳ ಹೂಳು ತೆಗೆದು, ಕಾಲುವೆಗಳ ಒತ್ತುವರಿ ತೆರವು ಮಾಡಿದರೆ ಉತ್ತರೆ, ಹಸ್ತಗಳ ಸ್ವಂತ ಮಳೆಯೂ ಉಳಿಯುತ್ತದೆ, ಗೊರೂರಿನಿಂದ ಬಂದ ನೀರೂ ನಿಲ್ಲುತ್ತದೆ.

ಚನ್ನರಾಯಪಟ್ಟಣದ ಮನೆಯಂಗಳದಲ್ಲಿ ನಿಂತರೆ ಪಶ್ಚಿಮಘಟ್ಟ ಕಾಣಿಸುವುದಿಲ್ಲ. ಆದರೂ ಕುಡಿಯುವ ನೀರು, ತೆಂಗಿನ ಬುಡದ ತೇವ, ಮಂಗಳೂರಿನ ರೈಲು ಎಲ್ಲವೂ ಆ ಕಾಣದ ಬೆಟ್ಟದ ಋಣದಲ್ಲಿವೆ. ಜುಲೈನಲ್ಲಿ ಪತ್ರಿಕೆ ತೆರೆದು ಜಲಾಶಯದ ಮಟ್ಟ ಎಷ್ಟಾಯಿತೆಂದು ನೋಡುವಾಗ, ಅದರ ಪಕ್ಕದಲ್ಲಿಯೇ ಅಚ್ಚಾಗಿರುವ ಸಕಲೇಶಪುರದ ಗುಡ್ಡ ಕುಸಿತದ, ಆಲೂರಿನ ಆನೆಯ ಸುದ್ದಿಗಳನ್ನೂ ಒಂದೇ ಸುದ್ದಿಯ ಭಾಗಗಳೆಂದು ಓದಬೇಕಾಗಿದೆ.